ಹಳೆಯ ಅಮೆರಿಕನ್ ಚಿತ್ರಗಳ ಮಹಾನಟನೆ: ಯಾವುದನ್ನು ಮೊದಲು ನೋಡಬೇಕು?

ನಮ್ಮಲ್ಲಿ ಒಬ್ಬ ನಟನನ್ನು ಹೊಗಳುವಾಗ ಮೊದಲು ಬಾಯಿಗೆ ಬರುವುದು ಅವನ ಮಾತಿನ ಗತ್ತು. ಸಂಭಾಷಣೆಯನ್ನು ಹೇಗೆ ಎತ್ತಿಕೊಂಡ, ಎಲ್ಲಿ ತಡೆದ, ಕೊನೆಯ ಪದವನ್ನು ಹೇಗೆ ಬಿಟ್ಟ ಎಂಬುದನ್ನು ಮನೆಗೆ ಬಂದು ಅಭಿನಯಿಸಿ ತೋರಿಸುತ್ತೇವೆ. ಕಂಪನಿ ನಾಟಕಗಳು ನಮಗೆ ಕೊಟ್ಟ ಕಿವಿ ಅದು, ದೊಡ್ಡ ಆಸ್ತಿ. ಆದರೆ ಅದೇ ಕಿವಿಯನ್ನು ನಂಬಿಕೊಂಡು 1940, 50ರ ದಶಕಗಳ ಅಮೆರಿಕನ್ ಚಿತ್ರಗಳ ಮುಂದೆ ಕುಳಿತರೆ ತೊಡಕಾಗುತ್ತದೆ. ಭಾಷೆ ನಮ್ಮದಲ್ಲ, ಉಚ್ಚಾರ ಹಳೆಯದು. ಕಣ್ಣು ಸಬ್‌ಟೈಟಲಿಗೆ ಇಳಿದು ಮತ್ತೆ ಮೇಲೇರುವಷ್ಟರಲ್ಲಿ ಮುಖದ ಮೇಲೆ ನಡೆಯಬೇಕಾದದ್ದು ನಡೆದುಹೋಗಿರುತ್ತದೆ. ಎಷ್ಟೋ ಸ್ನೇಹಿತರು ಹೀಗೆ ಒಂದೆರಡು ಚಿತ್ರ ನೋಡಿ, "ಬರೀ ಮಾತು" ಎಂದು ಕೈಬಿಟ್ಟಿದ್ದಾರೆ.

ನನ್ನ ಅಕ್ಕನ ಮಗಳು ಮೈಸೂರಿನ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಾಳೆ. "ಮಾಮ, ನೂರು ಸಿನಿಮಾಗಳ ಪಟ್ಟಿ ಕೊಡಬೇಡಿ. ಎರಡೆರಡು ಹೆಸರು ಮುಂದಿಟ್ಟು ಯಾವುದು ಮೊದಲು, ಯಾಕೆ ಎಂದಷ್ಟೇ ಹೇಳಿ" ಎಂದಳು. ಕೇಳಿದ ರೀತಿ ನನಗೆ ಬಹಳ ಹಿಡಿಸಿತು. ನಟನೆಯನ್ನು ಒಂಟಿಯಾಗಿ ನೋಡಿದಾಗ ಅದು ಕಥೆಯೊಳಗೆ ಕರಗಿಬಿಡುತ್ತದೆ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟಾಗ ಅದರ ಅಂಚುಗಳು ಕಾಣುತ್ತವೆ. ಆದ್ದರಿಂದ ಇಲ್ಲಿರುವುದೆಲ್ಲ ಜೋಡಿಗಳು. ಆರಿಸಲು ನಾನು ಹಿಡಿದ ಅಳತೆಗೋಲು ಒಂದೇ: ದೃಶ್ಯದಲ್ಲಿ ಮಾತನಾಡದೆ ಇರುವವರು ಏನು ಮಾಡುತ್ತಿದ್ದಾರೆ? ಕೇಳಿಸಿಕೊಳ್ಳುವುದನ್ನು ನಟಿಸಬಲ್ಲವರೇ ಈ ಚಿತ್ರಗಳ ದೊಡ್ಡ ನಟರು ಎಂಬುದು ಮೂವತ್ತು ವರ್ಷ ಅವುಗಳನ್ನು ಮತ್ತೆ ಮತ್ತೆ ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾಗಿರುವ ನಂಬಿಕೆ.

ಬ್ರಾಂಡೊ: ಬಂದರಿನ ಚಿತ್ರವೋ, ನ್ಯೂ ಆರ್ಲಿಯನ್ಸ್ ಚಿತ್ರವೋ

ಮಾರ್ಲನ್ ಬ್ರಾಂಡೊ ಎಂದ ಕೂಡಲೇ ಎಲ್ಲರೂ ಕೈಗೆತ್ತಿಕೊಳ್ಳುವುದು 'ದಿ ಗಾಡ್‌ಫಾದರ್' (1972). ಖಂಡಿತ ನೋಡಿ. ಆದರೆ ಅಲ್ಲಿ ಉಬ್ಬಿದ ದವಡೆ, ಒಡಕು ಧ್ವನಿ, ಮುಪ್ಪಿನ ಮೇಕಪ್ ಎಲ್ಲ ಸೇರಿ ಒಂದು ವೇಷ ನಿಂತಿದೆ. ವೇಷ ಕಳಚಿದ ಬ್ರಾಂಡೊ ಬೇಕಿದ್ದರೆ ಇಪ್ಪತ್ತು ವರ್ಷ ಹಿಂದೆ ಹೋಗಬೇಕು. ಅಲ್ಲಿ ಇಲಿಯಾ ಕಜಾನ್ ನಿರ್ದೇಶಿಸಿದ ಎರಡು ಚಿತ್ರಗಳಿವೆ: 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' (1951) ಮತ್ತು 'ಆನ್ ದಿ ವಾಟರ್‌ಫ್ರಂಟ್' (1954). ಕಾಲಕ್ರಮದಲ್ಲಿ ಹೋಗಬೇಕೆನ್ನುವವರು ಮೊದಲನೆಯದನ್ನೇ ಹಿಡಿಯುತ್ತಾರೆ. ನಾನು ಎರಡನೆಯದನ್ನು ಮೊದಲು ಎನ್ನುತ್ತೇನೆ.

'ವಾಟರ್‌ಫ್ರಂಟ್' ಚಿತ್ರೀಕರಣವಾದದ್ದು ನ್ಯೂಜೆರ್ಸಿಯ ಹೊಬೋಕನ್ ಬಂದರಿನಲ್ಲಿ, ಕೊರೆಯುವ ಚಳಿಯಲ್ಲಿ. ಮಾತನಾಡಿದರೆ ಬಾಯಿಂದ ಹಬೆ ಏಳುತ್ತದೆ. ಟೆರಿ ಮಲೋಯ್ ಹಿಂದೊಮ್ಮೆ ಬಾಕ್ಸಿಂಗ್ ಮಾಡುತ್ತಿದ್ದವನು, ಈಗ ಬಂದರಿನ ಗೂಂಡಾಗಳ ಚಾಕರಿಯಲ್ಲಿದ್ದಾನೆ. ಈಡಿ ಎಂಬ ಹುಡುಗಿಯ ಅಣ್ಣನ ಕೊಲೆಗೆ ತಾನೇ ತಿಳಿಯದೆ ನೆರವಾಗಿದ್ದಾನೆ. ಅವಳಿಗೆ ಅದು ಗೊತ್ತಿಲ್ಲ. ಇಬ್ಬರೂ ಪಾರ್ಕಿನಲ್ಲಿ ನಡೆಯುವಾಗ ಅವಳ ಕೈಗವಸೊಂದು ಕೆಳಗೆ ಬೀಳುತ್ತದೆ. ಟೆರಿ ಅದನ್ನು ಎತ್ತಿಕೊಳ್ಳುತ್ತಾನೆ, ಆದರೆ ಹಿಂದಿರುಗಿಸುವುದಿಲ್ಲ. ಅದರ ಧೂಳು ತೆಗೆಯುತ್ತಾ ಮಕ್ಕಳ ಉಯ್ಯಾಲೆಯ ಮೇಲೆ ಕುಳಿತುಕೊಳ್ಳುತ್ತಾನೆ. ಮಾತನಾಡುತ್ತಲೇ ಆ ಪುಟ್ಟ ಬಿಳಿ ಗವಸನ್ನು ತನ್ನ ದಪ್ಪ ಕೈಗೆ ಏರಿಸಿಕೊಳ್ಳುತ್ತಾನೆ. ಅವಳು ಹೊರಟುಹೋಗಬೇಕು, ಆದರೆ ಗವಸು ಅವನ ಕೈಯಲ್ಲಿದೆ. ತಾಲೀಮಿನಲ್ಲಿ ಅದು ಆಕಸ್ಮಿಕವಾಗಿ ಬಿದ್ದದ್ದು, ಬ್ರಾಂಡೊ ಅದನ್ನು ಬಿಡದೆ ದೃಶ್ಯಕ್ಕೆ ಸೇರಿಸಿಕೊಂಡರು ಎಂದು ಈಡಿಯ ಪಾತ್ರ ಮಾಡಿದ ಈವಾ ಮರೀ ಸೇಂಟ್ ಹೇಳಿದ್ದಾರೆ. ಇದು ಅವರ ಮೊದಲ ಚಲನಚಿತ್ರ, ಅದಕ್ಕೇ ಆಸ್ಕರ್ ಬಂತು. ದೃಶ್ಯವನ್ನು ಎರಡನೆಯ ಬಾರಿ ನೋಡುವಾಗ ಬ್ರಾಂಡೊ ಕಡೆಗೆ ನೋಡದೆ ಸೇಂಟ್ ಅವರ ಕಣ್ಣನ್ನೇ ನೋಡಿ. ಅವರ ನೋಟ ಗವಸಿನ ಮೇಲೆ ಹೋಗುತ್ತದೆ, ಅವನ ಮುಖಕ್ಕೆ ಬರುತ್ತದೆ, ಮತ್ತೆ ಗವಸಿಗೆ. ಬೇಡುವುದಕ್ಕೂ ನಾಚಿಕೆ, ಬಿಟ್ಟುಹೋಗುವುದಕ್ಕೂ ಮನಸ್ಸಿಲ್ಲ. ಅದೆಲ್ಲ ಒಂದು ಸಾಲು ಮಾತಿಲ್ಲದೆ ತಿಳಿಯುತ್ತದೆ.

ಇದೇ ಚಿತ್ರದ ಟ್ಯಾಕ್ಸಿ ದೃಶ್ಯ ಜಗತ್ತಿಗೇ ಗೊತ್ತು. ಟೆರಿಯನ್ನು ಬಾಯಿ ಮುಚ್ಚಿಸಲು ಗೂಂಡಾಗಳು ಅವನ ಸ್ವಂತ ಅಣ್ಣ ಚಾರ್ಲಿಯನ್ನೇ ಕಳಿಸಿದ್ದಾರೆ. ಚಾರ್ಲಿ ಪಿಸ್ತೂಲು ತೆಗೆಯುತ್ತಾನೆ. ಬೇರೆ ಯಾವ ನಟನಾದರೂ ಅಲ್ಲಿ ಬೆಚ್ಚಿಬೀಳುತ್ತಿದ್ದ ಅಥವಾ ಸಿಟ್ಟಾಗುತ್ತಿದ್ದ. ಬ್ರಾಂಡೊ ಆ ಪಿಸ್ತೂಲನ್ನು ಬೆರಳುಗಳಿಂದ ಮೆಲ್ಲನೆ ಪಕ್ಕಕ್ಕೆ ಸರಿಸುತ್ತಾರೆ, ಜ್ವರ ಬಂದ ಮಗುವಿನ ಕೈಯನ್ನು ಹಿಡಿದು ಕೆಳಗಿಡುವ ಹಾಗೆ. ಅಣ್ಣ ಇಷ್ಟಕ್ಕೆ ಇಳಿದನಲ್ಲ ಎಂಬ ಮರುಕ ಆ ಬೆರಳುಗಳಲ್ಲಿದೆ. ಅನಂತರದ ಟೆರಿಯ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ನೀವು ಮಾತ್ರ ಚಾರ್ಲಿಯಾದ ರಾಡ್ ಸ್ಟೈಗರ್ ಮುಖ ನೋಡಿ. ತಮ್ಮನ ಬದುಕನ್ನು ತಾನೇ ಮಾರಿದೆ ಎಂಬುದು ಆ ಮುಖಕ್ಕೆ ಇಳಿಯುವುದು ಕಾಣುತ್ತದೆ. ಸ್ಟೈಗರ್ ಅವರ ಹತ್ತಿರದ ಶಾಟ್‌ಗಳನ್ನು ತೆಗೆಯುವ ಹೊತ್ತಿಗೆ ಬ್ರಾಂಡೊ ಮನೋವೈದ್ಯರ ಭೇಟಿಗೆಂದು ಸೆಟ್ ಬಿಟ್ಟು ಹೋಗಿದ್ದರು. ಎದುರಿನ ಮಾತನ್ನು ಬೇರೆಯವರು ಓದಿ ಹೇಳಬೇಕಾಯಿತು. ಸ್ಟೈಗರ್ ಆ ನೋವನ್ನು ಬಹಳ ವರ್ಷ ಮರೆಯಲಿಲ್ಲ. ಎದುರಿಗಿಲ್ಲದ ತಮ್ಮನನ್ನು ಅವರು ಹೇಗೆ ಕೇಳಿಸಿಕೊಂಡರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುವ 'ಸ್ಟ್ರೀಟ್‌ಕಾರ್'. ಅದನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಕಾರಣ, ಅಲ್ಲಿ ಬ್ರಾಂಡೊ ಒಬ್ಬರನ್ನೇ ನೋಡಿದರೆ ಚಿತ್ರ ಅರ್ಧ ಮಾತ್ರ ಸಿಗುತ್ತದೆ. ಬ್ರಾಂಡೊ, ಕಿಮ್ ಹಂಟರ್, ಕಾರ್ಲ್ ಮಾಲ್ಡನ್ ಮೂವರೂ 1947ರಲ್ಲಿ ಬ್ರಾಡ್‌ವೇ ರಂಗದಲ್ಲಿ ಇದೇ ನಾಟಕ ಆಡಿದ್ದವರು. ಬ್ಲಾಂಚ್ ಪಾತ್ರದ ವಿವಿಯನ್ ಲೀ ಮಾತ್ರ ಲಂಡನ್ನಿನಿಂದ ಬಂದವರು. 1949ರಲ್ಲಿ ಲಾರೆನ್ಸ್ ಒಲಿವಿಯರ್ ನಿರ್ದೇಶನದಲ್ಲಿ ಅಲ್ಲಿ ಆ ಪಾತ್ರ ಮಾಡಿದ್ದರು. ಒಗ್ಗಿಹೋದ ತಂಡದ ನಡುವೆ ಒಬ್ಬ ಹೊರಗಿನವರು. ತಂಗಿಯ ಮನೆಗೆ ಪೆಟ್ಟಿಗೆ ಹೊತ್ತು ಬಂದ ಬ್ಲಾಂಚಳ ಸ್ಥಿತಿಯೂ ಅದೇ. ಲೀ ಪ್ರತಿ ವಾಕ್ಯಕ್ಕೂ ಒಂದು ರಾಗ ಹಚ್ಚುತ್ತಾರೆ, ಕೈಬೆರಳುಗಳನ್ನು ಗಾಳಿಯಲ್ಲಿ ಜೋಡಿಸಿಡುತ್ತಾರೆ. ಬ್ರಾಂಡೊ ಮಾತನ್ನು ಅಗಿಯುತ್ತಾರೆ, ಮೈ ಕೆರೆದುಕೊಳ್ಳುತ್ತಾರೆ. ಎರಡು ಬೇರೆ ಬೇರೆ ನಟನಾ ಪರಂಪರೆಗಳು ಒಂದೇ ಕೋಣೆಯಲ್ಲಿ ಕಾದಾಡುತ್ತಿವೆ. ಬ್ರಾಂಡೊ ಕಲಿತದ್ದು ಸ್ಟೆಲ್ಲಾ ಆಡ್ಲರ್ ಬಳಿ. ಆಡ್ಲರ್ 1934ರಲ್ಲಿ ಪ್ಯಾರಿಸ್ಸಿನಲ್ಲಿ ರಷ್ಯಾದ ರಂಗಗುರು ಸ್ಟಾನಿಸ್ಲಾವ್‌ಸ್ಕಿಯವರನ್ನೇ ಕಂಡು ಪಾಠ ಹೇಳಿಸಿಕೊಂಡು ಬಂದವರು. ಕಜಾನ್ ಮತ್ತಿಬ್ಬರು 1947ರಲ್ಲಿ ನಟರ ತಾಲೀಮಿಗೆಂದೇ ಆಕ್ಟರ್ಸ್ ಸ್ಟುಡಿಯೋ ಕಟ್ಟಿದರು. ಇಷ್ಟು ತಿಳಿದುಕೊಂಡು ನೋಡಿದರೆ ಲೀ ಅವರ ನಟನೆಯನ್ನು "ಅತಿಯಾಯಿತು" ಎಂದು ತಳ್ಳಿಹಾಕುವ ತಪ್ಪು ಆಗುವುದಿಲ್ಲ. ಅತಿಯಾಗಿರುವುದು ಬ್ಲಾಂಚ್, ಬತ್ತಲೆ ಬಲ್ಬಿಗೆ ಕಾಗದದ ಗೂಡು ತೊಡಿಸುವವಳು ಹಾಗಲ್ಲದೆ ಹೇಗೆ ಮಾತನಾಡಿಯಾಳು?

ಆ ವರ್ಷ ಲೀ, ಹಂಟರ್, ಮಾಲ್ಡನ್ ಮೂವರಿಗೂ ಆಸ್ಕರ್ ಬಂತು, ಬ್ರಾಂಡೊಗೆ ಬರಲಿಲ್ಲ. ಹಂಪ್ರಿ ಬೊಗಾರ್ಟ್ ಗೆದ್ದರು. ಇಲ್ಲೂ ಒಂದು ದೃಶ್ಯದಲ್ಲಿ ಕಿವಿಗೊಡುವವರನ್ನು ನೋಡಿ. ಬ್ರಾಂಡೊ ಅವರ ಸ್ಟಾನ್ಲಿ ಕೆಳಗೆ ನಿಂತು ಹೆಂಡತಿಯ, ಅಂದರೆ ಬ್ಲಾಂಚಳ ತಂಗಿಯ, ಹೆಸರು ಕೂಗುತ್ತಾನೆ. ಸ್ಟೆಲ್ಲಾ ಮೆಟ್ಟಿಲಿಳಿದು ಬರುತ್ತಾಳೆ. ಕಿಮ್ ಹಂಟರ್ ಆ ಇಳಿಯುವಿಕೆಯಲ್ಲಿ ಸಿಟ್ಟು, ಆಸೆ ಎರಡನ್ನೂ ಒಟ್ಟಿಗೆ ಹೊತ್ತು ತರುತ್ತಾರೆ. 1951ರಲ್ಲಿ ಸೆನ್ಸಾರ್ ಒತ್ತಡಕ್ಕೆ ಆ ಮುಖದ ಹತ್ತಿರದ ಶಾಟ್‌ಗಳನ್ನೇ ಕತ್ತರಿಸಿದ್ದರು. ಸಂಭಾಷಣೆಗೆ ಕತ್ತರಿ ಹಾಕುವುದು ನಮಗೆ ಗೊತ್ತು, ಇಲ್ಲಿ ಒಂದು ಮುಖಭಾವಕ್ಕೆ ಕತ್ತರಿ ಬಿತ್ತು. 1993ರ ಮರುಬಿಡುಗಡೆಯಲ್ಲಿ ಅವು ಮರಳಿ ಬಂದಿವೆ. ಸಿಕ್ಕಿದರೆ ಆ ಪ್ರತಿಯನ್ನೇ ನೋಡಿ.

ಒಂದೇ ವರ್ಷ, ಇಬ್ಬರು ಮಹಾನಟಿಯರು

1950ರಲ್ಲಿ ವಯಸ್ಸಾಗುತ್ತಿರುವ ನಟಿಯ ಬಗ್ಗೆ ಎರಡು ಚಿತ್ರ ಬಂದವು. ಬಿಲ್ಲಿ ವೈಲ್ಡರ್ ಅವರ 'ಸನ್‌ಸೆಟ್ ಬುಲೆವಾರ್ಡ್' ಚಿತ್ರದಲ್ಲಿ ಗ್ಲೋರಿಯಾ ಸ್ವಾನ್‌ಸನ್, ಜೋಸೆಫ್ ಮ್ಯಾಂಕಿವಿಟ್ಸ್ ಅವರ 'ಆಲ್ ಅಬೌಟ್ ಈವ್' ಚಿತ್ರದಲ್ಲಿ ಬೆಟ್ಟಿ ಡೇವಿಸ್. ಇಬ್ಬರೂ ಒಂದೇ ಆಸ್ಕರ್‌ಗೆ ಸ್ಪರ್ಧಿಸಿದರು, ಇಬ್ಬರನ್ನೂ ದಾಟಿ ಅದು ಜೂಡಿ ಹಾಲಿಡೇ ಅವರಿಗೆ ಹೋಯಿತು. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳ ಇವತ್ತಿಗೂ ಇದೆ. ನಾನು ಡೇವಿಸ್ ಕಡೆಯವನು. ಆದರೂ ಸಬ್‌ಟೈಟಲ್ ಓದಿಕೊಂಡು ನೋಡುವವರು ಸ್ವಾನ್‌ಸನ್ ಅವರಿಂದ ಶುರು ಮಾಡುವುದು ಒಳ್ಳೆಯದು.

ಏಕೆಂದರೆ ಸ್ವಾನ್‌ಸನ್ ಮೂಕಿ ಚಿತ್ರಗಳ ಕಾಲದ ತಾರೆ. ನೋರ್ಮಾ ಡೆಸ್ಮಂಡ್ ಎಂಬ ಮರೆತುಹೋದ ಮೂಕಿ ತಾರೆಯ ಪಾತ್ರಕ್ಕೆ ಅವರು ಹಳೆಯ ದೇಹಭಾಷೆಯನ್ನು ಇಡಿಯಾಗಿ ಹೊರತೆಗೆದಿದ್ದಾರೆ: ಉಗುರಿನಂತೆ ಬಾಗುವ ಬೆರಳು, ಹಿಂದಕ್ಕೆ ಚೆಲ್ಲಿದ ತಲೆ, ಮೇಲಿನಿಂದ ಕೆಳಗೆ ಬೀಳುವ ನೋಟ. ಓದದೆಯೂ ಎಲ್ಲ ತಿಳಿಯುತ್ತದೆ. ನೋರ್ಮಾ ಹಳೆಯ ನಿರ್ದೇಶಕನನ್ನು ಕಾಣಲು ಸ್ಟುಡಿಯೋಕ್ಕೆ ಹೋಗುತ್ತಾಳೆ. ಆ ನಿರ್ದೇಶಕನಾಗಿ ಸೆಸಿಲ್ ಬಿ. ಡಿಮಿಲ್ ತಾವೇ ಬಂದಿದ್ದಾರೆ, ನಿಜಜೀವನದಲ್ಲೂ ಸ್ವಾನ್‌ಸನ್ ಅವರನ್ನು ತಾರೆ ಮಾಡಿದವರು. ಅವಳು ಕುರ್ಚಿಯಲ್ಲಿ ಕುಳಿತಿರುವಾಗ ಮೇಲಿನಿಂದ ಮೈಕ್ರೊಫೋನ್ ತೇಲಿಬಂದು ಅವಳ ಟೋಪಿಯ ಗರಿಗೆ ಸೋಕುತ್ತದೆ. ಅದನ್ನು ಅವಳು ದೂಡುವ ರೀತಿ ನೋಡಿ. ತನ್ನ ಬದುಕನ್ನು ಕಸಿದದ್ದು ಇದೇ ಯಂತ್ರ ಎಂಬ ಹಗೆ ಒಂದೇ ಕೈಬೀಸಿನಲ್ಲಿದೆ. ಮರುಕ್ಷಣ ಮೇಲಿದ್ದ ಹಳೆಯ ಲೈಟ್‌ಮ್ಯಾನ್ ಗುರುತು ಹಿಡಿದು ದೀಪವನ್ನು ಅವಳ ಕಡೆ ತಿರುಗಿಸುತ್ತಾನೆ. ಬೆಳಕು ಬಿದ್ದಾಗ ಅವಳ ಮುಖ ಮಳೆ ಕಂಡ ನೆಲದಂತಾಗುತ್ತದೆ. ಹಾಗೆಯೇ ಎರಿಕ್ ಫಾನ್ ಸ್ಟ್ರೋಹೈಮ್ ಮೇಲೆ ಒಂದು ಕಣ್ಣಿರಲಿ. ಮನೆಯ ಸೇವಕನಾಗಿ ಅವರು ಇಡೀ ಚಿತ್ರ ಹೆಚ್ಚು ಮಾತಿಲ್ಲದೆ ಕೇಳಿಸಿಕೊಳ್ಳುತ್ತಾರೆ. ಅವರು ಯಾರನ್ನು, ಎಷ್ಟು ಕಾಲದಿಂದ ಹೀಗೆ ಕೇಳಿಸಿಕೊಂಡಿದ್ದಾರೆ ಎಂಬುದು ಗೊತ್ತಾದಾಗ ಚಿತ್ರವನ್ನು ಮೊದಲಿನಿಂದ ನೋಡಬೇಕೆನಿಸುತ್ತದೆ.

'ಆಲ್ ಅಬೌಟ್ ಈವ್' ಮಾತಿನ ಮಳೆ. 138 ನಿಮಿಷ, 14 ಆಸ್ಕರ್ ನಾಮನಿರ್ದೇಶನ, ಅದರಲ್ಲಿ ನಾಲ್ಕು ನಟಿಯರಿಗೇ. ಮೊದಲ ಸಲ ನೋಡುವಾಗ ಸಬ್‌ಟೈಟಲ್ ಕಣ್ಣನ್ನು ತಿಂದುಹಾಕುತ್ತದೆ, ತಪ್ಪಿಸಲಾಗದು. ಕಥೆ ತಿಳಿದ ಮೇಲೆ ಪಾರ್ಟಿಯ ಭಾಗಕ್ಕೆ ಹಿಂದಿರುಗಿ, ಸಬ್‌ಟೈಟಲ್ ತೆಗೆದುಹಾಕಿ ನೋಡಿ. ಡೇವಿಸ್ ಅವರ ಮಾರ್ಗೋ ತನ್ನ ಪ್ರಿಯಕರ ಬಿಲ್ ಜೊತೆ ಜಗಳವಾಡುತ್ತಿದ್ದಾಳೆ. ಪಕ್ಕದಲ್ಲಿ ಚಾಕೊಲೇಟಿನ ಡಬ್ಬಿ. ಒಂದನ್ನು ಎತ್ತಿಕೊಳ್ಳುತ್ತಾಳೆ, ಮತ್ತೆ ಒಳಗಿಡುತ್ತಾಳೆ. ಜಗಳ ಏರುತ್ತದೆ, ಕೈ ಮತ್ತೆ ಡಬ್ಬಿಗೆ. ಕೊನೆಗೆ ಸೋತು ಬಾಯಿಗೆ ಹಾಕಿಕೊಳ್ಳುತ್ತಾಳೆ. ನಲವತ್ತು ದಾಟಿತು, ಮೈ ಕಾಯಬೇಕು, ಪ್ರಿಯಕರ ತನಗಿಂತ ಎಂಟು ವರ್ಷ ಚಿಕ್ಕವನು, ಹೊಸ ಹುಡುಗಿ ಮನೆಯೊಳಗೇ ಇದ್ದಾಳೆ: ಬಾಯಿ ಹೇಳುತ್ತಿರುವುದು ಬೇರೆ, ಕೈ ಒಪ್ಪಿಕೊಳ್ಳುತ್ತಿರುವುದು ಇದೆಲ್ಲವನ್ನು. ನನ್ನನ್ನು ಡೇವಿಸ್ ಕಡೆಯವನನ್ನಾಗಿ ಮಾಡಿದ್ದು ಆ ಡಬ್ಬಿಯೇ.

ನೋಡುವ ವಿಧಾನದ ಬಗ್ಗೆ ಎರಡು ಮಾತು

1950ರ ದಶಕದ ಆರಂಭದವರೆಗಿನ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಇವತ್ತಿನ ಅಗಲ ಟಿವಿಯಲ್ಲಿ ಎರಡು ಬದಿಗೂ ಕಪ್ಪು ಪಟ್ಟಿ ಬರುತ್ತದೆ. ಅದು ಇರಲಿ. ತೆರೆ ತುಂಬಲೆಂದು ಜೂಮ್ ಮಾಡಿದರೆ ಹಣೆ ಮತ್ತು ಕೈಗಳು ಕತ್ತರಿಸಿಹೋಗುತ್ತವೆ. ಡೇವಿಸ್ ಅವರ ಕೈ ಕತ್ತರಿಸಿದರೆ ಉಳಿಯುವುದೇನು? ಎಳೆದು ಹಿಗ್ಗಿಸಿದರೆ ಮುಖಗಳು ಉಬ್ಬುತ್ತವೆ. ಕಪ್ಪುಬಿಳುಪಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದ ಪ್ರತಿಗಳನ್ನು ಮುಟ್ಟಬೇಡಿ. ಬೆಳಕು ನೆರಳಿಗೆಂದೇ ಅಳೆದು ಮಾಡಿದ ಮುಖಭಾವ ಅದರಲ್ಲಿ ಮಂಕಾಗುತ್ತದೆ. ಡಬ್ಬಿಂಗ್ ಪ್ರತಿಯಂತೂ ಬೇಡವೇ ಬೇಡ, ಅರ್ಧ ನಟನೆ ಅಲ್ಲೇ ಹೋಯಿತು. ಇಷ್ಟವಾದ ಒಂದು ದೃಶ್ಯವನ್ನು ಮೂರು ಬಾರಿ ನೋಡಿ: ಒಮ್ಮೆ ಕಥೆಗೆ, ಒಮ್ಮೆ ಧ್ವನಿ ಪೂರ್ತಿ ಇಳಿಸಿ, ಒಮ್ಮೆ ಮಾತಿಲ್ಲದವರ ಮೇಲೆ ಕಣ್ಣಿಟ್ಟು.

ಇನ್ನೊಂದು ಸಂಗತಿ ನೆನಪಿರಲಿ. 1934ರಿಂದ 1968ರವರೆಗೆ ಹಾಲಿವುಡ್‌ನಲ್ಲಿ ಕಟ್ಟುನಿಟ್ಟಾದ ಒಂದು ನೀತಿಸಂಹಿತೆ ಜಾರಿಯಲ್ಲಿತ್ತು. ಬಾಯಿಬಿಟ್ಟು ಹೇಳಲಾಗದ್ದು ಬಹಳವಿತ್ತು. ಹೇಳಲಾಗದ್ದನ್ನು ಕಣ್ಣಿನಲ್ಲಿ, ಬೆನ್ನಿನಲ್ಲಿ, ಸಿಗರೇಟು ಹಚ್ಚುವುದರಲ್ಲಿ ತೋರಿಸುವುದು ಆ ನಟರ ದಿನನಿತ್ಯದ ಕಸುಬಾಯಿತು. ಆ ಕಾಲದ ನಟನೆಯ ಸೂಕ್ಷ್ಮಕ್ಕೆ ಈ ಕಟ್ಟೂ ಒಂದು ಕಾರಣ ಎಂದು ನನ್ನ ತಿಳಿವಳಿಕೆ.

ಹನ್ನೆರಡು ಮಂದಿ, ಒಂದು ಕೋಣೆ

ಎಲ್ಲಕ್ಕಿಂತ ಮೊದಲು ಒಂದೇ ಒಂದು ಚಿತ್ರ ಹೇಳಿ ಎಂದರೆ ನಾನು ಹೇಳುವುದು ಸಿಡ್ನಿ ಲೂಮೆಟ್ ಅವರ '12 ಆಂಗ್ರಿ ಮೆನ್' (1957). 96 ನಿಮಿಷ. ಬಾಸು ಚಟರ್ಜಿಯವರ ಹಿಂದಿ ಚಿತ್ರ 'ಏಕ್ ರುಕಾ ಹುವಾ ಫೈಸ್ಲಾ' (1986) ನೋಡಿದವರಿಗೆ ಕಥೆ ಗೊತ್ತೇ ಇರುತ್ತದೆ, ಅದು ಅನುಕೂಲವೇ. ಕೊಲೆ ಆರೋಪ ಹೊತ್ತ ಹುಡುಗನ ಬಗ್ಗೆ ಹನ್ನೆರಡು ಜ್ಯೂರಿಗಳು ತೀರ್ಪು ಕೊಡಬೇಕು. ಒಬ್ಬ ಮಾತನಾಡುವಾಗ ಹನ್ನೊಂದು ಜನ ಕೇಳಿಸಿಕೊಳ್ಳುತ್ತಿರುತ್ತಾರೆ. ನನ್ನ ಅಳತೆಗೋಲಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಲೂಮೆಟ್ ಎರಡು ವಾರ ನಾಟಕದಂತೆ ತಾಲೀಮು ಮಾಡಿಸಿ ಆಮೇಲೆ ಕ್ಯಾಮೆರಾ ಇಟ್ಟರು. ಮೊದಲ ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ, ಕೊನೆಗೆ ಕೆಳಗಿಳಿದು ಸೂರು ಕೂಡ ಕಾಣುತ್ತದೆ, ಕೋಣೆ ಇಕ್ಕಟ್ಟಾಗುತ್ತಾ ಹೋಗುತ್ತದೆ.

ಇದರೊಳಗೇ ಒಂದು ಆಯ್ಕೆ ಇದೆ: ಹೆನ್ರಿ ಫಾಂಡಾ ಅವರನ್ನು ನೋಡುವುದೋ, ಲೀ ಜೆ. ಕಾಬ್ ಅವರನ್ನೋ? ಫಾಂಡಾ ತಣ್ಣಗೆ, ಕಾಬ್ ಕೆಂಡದಂತೆ. ಸಿಡಿಯುವ ನಟನೆ ಸುಲಭ ಎಂದು ಹೇಳುವವರಿದ್ದಾರೆ. ಕಾಬ್ ಆ ಮಾತನ್ನು ಸುಳ್ಳು ಮಾಡುತ್ತಾರೆ, ಏಕೆಂದರೆ ಅವರ ಪ್ರತಿ ಕೂಗಿನ ಹಿಂದೆ ಮನೆಬಿಟ್ಟು ಹೋದ ಮಗನೊಬ್ಬನಿದ್ದಾನೆ. ಕೊನೆಯಲ್ಲಿ ಆ ಮಗನ ಫೋಟೊ ಹರಿದು ಕುಸಿಯುತ್ತಾರೆ. ಎಲ್ಲರೂ ಹೊರಟ ಮೇಲೆ ಫಾಂಡಾ, ಕಾಬ್ ಅವರ ಕೋಟನ್ನು ತಂದು ತೊಡಿಸಲು ಹಿಡಿಯುತ್ತಾರೆ. ಇಬ್ಬರ ನಡುವೆ ಮಾತಿಲ್ಲ. ಮೊದಲ ಸಲ ಕಾಬ್, ಎರಡನೆಯ ಸಲ ಫಾಂಡಾ. ಮೂರನೆಯ ಸಲಕ್ಕೆ ನಾಲ್ಕನೆಯ ಜ್ಯೂರಿಯಾದ ಇ. ಜಿ. ಮಾರ್ಷಲ್ ಅವರನ್ನು ಉಳಿಸಿಕೊಳ್ಳಿ. ಎಲ್ಲರೂ ಬೆವರಿನಲ್ಲಿ ತೊಯ್ದಿರುವಾಗ ಅವನು ಕೋಟು ಕೂಡ ತೆಗೆದಿಲ್ಲ. ನಿಮಗೆ ಬೆವರೇ ಬರುವುದಿಲ್ಲವೇ ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. ಬಹಳ ಹೊತ್ತಿನ ಮೇಲೆ, ಕೆಲವು ದಿನಗಳ ಹಿಂದೆ ನೋಡಿದ ಸಿನಿಮಾದ ವಿವರ ಕೇಳಿದಾಗ ಅವನ ನೆನಪು ತಡವರಿಸುತ್ತದೆ, ಹಣೆಯಲ್ಲಿ ಬೆವರು ಒಡೆಯುತ್ತದೆ, ಕರವಸ್ತ್ರ ಹೊರಬರುತ್ತದೆ. ಧ್ವನಿ ಒಂದಿಷ್ಟೂ ಏರಿಲ್ಲ.

ವೈಲರ್: ಮೂರು ಗಂಟೆಯ ಚಿತ್ರವೋ, ಎರಡು ಗಂಟೆಯದೋ

ವಿಲಿಯಂ ವೈಲರ್ ನಟರನ್ನು ಅದೇ ಶಾಟ್‌ಗೆ ಮತ್ತೆ ಮತ್ತೆ ನಿಲ್ಲಿಸಿ ದಣಿಸುವುದಕ್ಕೆ ಹೆಸರಾದವರು. ಅವರ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' (1946) 172 ನಿಮಿಷ, 'ದಿ ಏರೆಸ್' (1949) 115. ಬಿಡುವಿಲ್ಲದವರಿಗೆ ಎರಡನೆಯದು. ಭಾನುವಾರ ಪೂರ್ತಿ ಇರುವವರಿಗೆ ಮೊದಲನೆಯದು, ಇದು ನನ್ನ ಹೃದಯಕ್ಕೆ ಇನ್ನೂ ಹತ್ತಿರ.

'ಬೆಸ್ಟ್ ಇಯರ್ಸ್' ಯುದ್ಧ ಮುಗಿಸಿ ಊರಿಗೆ ಮರಳಿದ ಮೂವರ ಕಥೆ. ಹೋಮರ್ ಪಾತ್ರದ ಹೆರಾಲ್ಡ್ ರಸೆಲ್ ನಟರೇ ಅಲ್ಲ. 1944ರಲ್ಲಿ ಸೇನಾ ತರಬೇತಿಯ ಸ್ಫೋಟವೊಂದರಲ್ಲಿ ಎರಡೂ ಕೈ ಕಳೆದುಕೊಂಡವರು, ಲೋಹದ ಕೊಕ್ಕೆಗಳಿಂದ ಕೆಲಸ ಮಾಡುವವರು. ಒಂದೇ ಪಾತ್ರಕ್ಕೆ ಅವರಿಗೆ ಎರಡು ಆಸ್ಕರ್ ಬಂದವು. ಎದುರಿಗೆ, ಆಲ್ ಪಾತ್ರದಲ್ಲಿ, ನುರಿತ ಫ್ರೆಡ್ರಿಕ್ ಮಾರ್ಚ್. ಕಲಿತ ನಟನೆ, ಕಲಿಯದ ನಟನೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೂಗಿ ನೋಡುವ ಅವಕಾಶ ಬೇರೆಲ್ಲೂ ಹೀಗೆ ಸಿಗುವುದಿಲ್ಲ. ಬಾರಿನ ದೃಶ್ಯಕ್ಕೆ ಬನ್ನಿ. ಮುಂಭಾಗದಲ್ಲಿ ಹೋಮರ್ ಕೊಕ್ಕೆಗಳಿಂದ ಪಿಯಾನೊ ನುಡಿಸುತ್ತಿದ್ದಾನೆ. ದೂರದ ಫೋನ್ ಗೂಡಿನಲ್ಲಿ ಡೇನಾ ಆಂಡ್ರ್ಯೂಸ್ ಅವರ ಫ್ರೆಡ್, ಆಲ್‌ನ ಮಗಳೊಂದಿಗಿನ ಸಂಬಂಧ ಕಡಿದುಕೊಳ್ಳುತ್ತಿದ್ದಾನೆ. ಮಾತು ನಮಗೆ ಕೇಳಿಸುವುದಿಲ್ಲ. ನಡುವೆ ಆಲ್ ಆಗಿ ಮಾರ್ಚ್, ಪಿಯಾನೊ ಕಡೆಗೆ ನಗು, ಗೂಡಿನ ಕಡೆಗೆ ಕಳ್ಳನೋಟ. ಗ್ರೆಗ್ ಟೋಲಂಡ್ ಕ್ಯಾಮೆರಾ ಹತ್ತಿರವನ್ನೂ ದೂರವನ್ನೂ ಒಂದೇ ಸ್ಪಷ್ಟತೆಯಲ್ಲಿ ಹಿಡಿದಿದೆ, ಎಲ್ಲಿ ನೋಡಬೇಕೆಂದು ಯಾರೂ ಹೇಳುವುದಿಲ್ಲ. ಆ ಬಳಿಕ ಹೋಮರ್ ತನ್ನ ಹುಡುಗಿಯನ್ನು ಕೋಣೆಗೆ ಕರೆದು, ರಾತ್ರಿ ಕೊಕ್ಕೆ ಬಿಚ್ಚಿಟ್ಟ ಮೇಲೆ ತಾನು ಎಷ್ಟು ನಿಸ್ಸಹಾಯಕ ಎಂದು ತೋರಿಸುತ್ತಾನೆ. ರಸೆಲ್ ಅಲ್ಲಿ ಏನನ್ನೂ ಒತ್ತಿ ಹೇಳುವುದಿಲ್ಲ. ಅವಳು ಅವನ ಅಂಗಿಯ ಗುಂಡಿ ಹಾಕುತ್ತಾಳೆ. ಅಷ್ಟೇ. ನಾನು ಅದನ್ನು ಒಣಗಣ್ಣಿನಿಂದ ನೋಡಿದ ನೆನಪಿಲ್ಲ.

'ದಿ ಏರೆಸ್' ಚಿತ್ರದಲ್ಲಿ ಒಲಿವಿಯಾ ಡಿ ಹ್ಯಾವಿಲೆಂಡ್ ಅವರಿಗೆ ಎರಡನೆಯ ಆಸ್ಕರ್ ಬಂತು. ನಟನೆ ಕಲಿಯುವವರಿಗೆ ಇದು ಬಹಳ ಉಪಯೋಗದ ಚಿತ್ರ, ಏಕೆಂದರೆ ಒಂದೇ ಕ್ರಿಯೆ ಎರಡು ಸಲ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನ ಶ್ರೀಮಂತ ವೈದ್ಯನ ಮಗಳು ಕ್ಯಾಥರೀನ್. ಓಡಿಹೋಗಲು ರಾತ್ರಿಯಿಡೀ ಕಾದರೂ ಪ್ರಿಯಕರ ಬಾರದೆ, ಬೆಳಗಿನ ಜಾವ ಸಾಮಾನು ಹೊತ್ತು ಮಹಡಿಯ ಮೆಟ್ಟಿಲು ಹತ್ತುತ್ತಾಳೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ವರ್ಷ ವಯಸ್ಸಾದಂತಿದೆ. ವರ್ಷಗಳ ಮೇಲೆ ಅವನು ಮರಳಿ ಬಂದು ಬಾಗಿಲು ಬಡಿಯುವಾಗ ಅವಳು ಕೈಯಲ್ಲಿ ದೀಪ ಹಿಡಿದು ಅದೇ ಮೆಟ್ಟಿಲನ್ನು ಹತ್ತುತ್ತಾಳೆ. ಎರಡನ್ನೂ ಒಂದರ ಹಿಂದೆ ಒಂದಾಗಿ ಹಾಕಿಕೊಂಡು ಬೆನ್ನನ್ನು ನೋಡಿ, ಹೆಜ್ಜೆ ಊರುವ ಬಗೆಯನ್ನು ನೋಡಿ, ಬಾಗಿಲ ಸದ್ದು ಕೇಳಿದಾಗ ಮುಖದಲ್ಲಿ ಬರುವ ಬೆಳಕನ್ನು ನೋಡಿ. ಅದು ಸಂತೋಷವೋ ಕ್ರೌರ್ಯವೋ ಎಂದು ಅಕ್ಕನ ಮಗಳೂ ನಾನೂ ಇನ್ನೂ ಒಪ್ಪಿಲ್ಲ.

ಸಿಡ್ನಿ ಪೊಯ್ಟಿಯರ್: ಸ್ಫೋಟವೋ, ಸಂಯಮವೋ

ಕೂಡುಕುಟುಂಬದ ಮನೆಯಲ್ಲಿ ಹಿರಿಯರ ಜೊತೆ ಕುಳಿತು ನೋಡುವುದಾದರೆ 'ಎ ರೈಸಿನ್ ಇನ್ ದಿ ಸನ್' (1961). ಷಿಕಾಗೋದ ಇಕ್ಕಟ್ಟಾದ ಮನೆಯಲ್ಲಿ ಮೂರು ತಲೆಮಾರು, ವಿಮೆಯಿಂದ ಬರುವ ಹತ್ತು ಸಾವಿರ ಡಾಲರ್, ಅದರ ಮೇಲೆ ಎಲ್ಲರ ಬೇರೆ ಬೇರೆ ಕನಸು. ಇಲ್ಲಿ ಪೊಯ್ಟಿಯರ್ ಸಿಡಿಯುತ್ತಾರೆ, ತಾಯಿಯಾಗಿ ಕ್ಲಾಡಿಯಾ ಮೆಕ್‌ನೀಲ್ ಗೋಡೆಯಂತೆ ನಿಂತು ಅದನ್ನು ತಡೆದುಕೊಳ್ಳುತ್ತಾರೆ. ಹೆಂಡತಿಯ ಪಾತ್ರದ ರೂಬಿ ಡೀ ಅವರನ್ನು ಬಿಡದೆ ನೋಡಿ, ಇಸ್ತ್ರಿ ಮಾಡುತ್ತಾ ಅಡುಗೆ ಮಾಡುತ್ತಾ ಅವರು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತಾರೆ.

ನಟನೆಯನ್ನು ಮಾತ್ರ ಗುರಿಯಾಗಿಟ್ಟುಕೊಂಡರೆ ನನ್ನ ಆಯ್ಕೆ 'ಇನ್ ದಿ ಹೀಟ್ ಆಫ್ ದಿ ನೈಟ್' (1967). ಫಿಲಡೆಲ್ಫಿಯಾದ ಕಪ್ಪು ಪತ್ತೇದಾರ ವರ್ಜಿಲ್ ಟಿಬ್ಸ್ ಮಿಸಿಸಿಪ್ಪಿಯ ಊರೊಂದರಲ್ಲಿ ಸಿಕ್ಕಿಕೊಳ್ಳುತ್ತಾನೆ. ಪೊಯ್ಟಿಯರ್ ದಕ್ಷಿಣದ ರಾಜ್ಯಗಳಿಗೆ ಹೋಗಲು ಒಪ್ಪದಿದ್ದುದರಿಂದ ಬಹುಪಾಲು ಚಿತ್ರೀಕರಣ ನಡೆದದ್ದು ಇಲಿನಾಯ್ ರಾಜ್ಯದ ಸ್ಪಾರ್ಟಾದಲ್ಲಿ. ಅಲ್ಲಿನ ಪೊಲೀಸ್ ಮುಖ್ಯಸ್ಥನಾಗಿ ನಮ್ಮ ಟ್ಯಾಕ್ಸಿಯ ಸ್ಟೈಗರ್, ಹದಿಮೂರು ವರ್ಷ ದೊಡ್ಡವರಾಗಿ. ಅವರ ದವಡೆಗೆ ಬಿಡುವಿಲ್ಲ, ಚೂಯಿಂಗ್ ಗಮ್ ಅಗಿಯುವ ವೇಗದಲ್ಲೇ ಮನಸ್ಸು ಓಡುವುದು ತಿಳಿಯುತ್ತದೆ. ಪೊಯ್ಟಿಯರ್ ಅಲುಗಾಡುವುದೇ ಕಡಿಮೆ. ಆಸ್ಕರ್ ಸ್ಟೈಗರ್ ಅವರಿಗೆ ಹೋಯಿತು, ಪೊಯ್ಟಿಯರ್ ಅವರಿಗೆ ನಾಮನಿರ್ದೇಶನವೂ ಸಿಗಲಿಲ್ಲ. ಅಲುಗಾಡದಿರುವುದನ್ನು ನಟನೆಯೆಂದು ಗುರುತಿಸಲು ಆ ತೀರ್ಪುಗಾರರಿಗೆ ಆಗಲಿಲ್ಲ ಎಂದೇ ನಾನು ಹೇಳುವುದು. ಗಾಜಿನ ಹೂಮನೆಯಲ್ಲಿ ಬಿಳಿಯ ಜಮೀನ್ದಾರ ಟಿಬ್ಸ್‌ನ ಕೆನ್ನೆಗೆ ಹೊಡೆಯುತ್ತಾನೆ, ಟಿಬ್ಸ್ ಕೂಡಲೇ ತಿರುಗಿಸಿ ಹೊಡೆಯುತ್ತಾನೆ. ಆಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಕಪ್ಪು ಸೇವಕನನ್ನೂ, ಈಗ ಏನು ಮಾಡುತ್ತೀಯ ಎಂದು ಕೇಳಿಸಿಕೊಂಡ ಸ್ಟೈಗರ್ ಅವರ ನಿಂತುಹೋದ ದವಡೆಯನ್ನೂ ನೋಡಿ.

ಮಕ್ಕಳಿದ್ದರೆ, ಮತ್ತು ಕೊನೆಗೆ ಇಡಬೇಕಾದವು

ಮನೆಯಲ್ಲಿ ಮಕ್ಕಳಿದ್ದರೆ ಯೋಚನೆಯೇ ಬೇಡ, ಚಾಪ್ಲಿನ್ ಅವರ 'ಸಿಟಿ ಲೈಟ್ಸ್' (1931). ಮಾತಿನ ಚಿತ್ರಗಳು ಬಂದು ನಾಲ್ಕು ವರ್ಷವಾದ ಮೇಲೂ ಅವರು ಹಟ ಹಿಡಿದು ಮೂಕಿಯಾಗಿಯೇ ಮಾಡಿದ ಚಿತ್ರ. ಕೊನೆಯ ದೃಶ್ಯದಲ್ಲಿ, ಹಿಂದೆ ಕುರುಡಿಯಾಗಿದ್ದ ಹೂವಿನ ಹುಡುಗಿ ಅವನ ಕೈ ಮುಟ್ಟಿ ಗುರುತು ಹಿಡಿಯುತ್ತಾಳೆ. ಚಾಪ್ಲಿನ್ ಬೆರಳನ್ನು ಬಾಯಿಗೆ ಕಚ್ಚಿಕೊಂಡು, ಹೂವನ್ನು ಹಿಡಿದು ನಗುತ್ತಾರೆ. ನನ್ನ ತಂಗಿಯ ಮಗ, ಏಳು ವರ್ಷದವನು, ಅಲ್ಲಿ ನಗುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡ.

ಎರಡು ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿ. 'ಹೂಸ್ ಅಫ್ರೈಡ್ ಆಫ್ ವರ್ಜೀನಿಯಾ ವುಲ್ಫ್' (1966) ಚಿತ್ರದ ನಾಲ್ಕು ನಟರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು, ಎಲಿಜಬೆತ್ ಟೇಲರ್ ಮತ್ತು ಸ್ಯಾಂಡಿ ಡೆನಿಸ್ ಗೆದ್ದರು. ಇಡೀ ರಾತ್ರಿ ನಡೆಯುವ ಗಂಡಹೆಂಡಿರ ಜಗಳ ಅದು. ಮೊದಲೇ ನೋಡಿದರೆ ಕೂಗಾಟ ಮಾತ್ರ ಕೇಳಿಸುತ್ತದೆ. ಡೇವಿಸ್ ಅವರ ಚಾಕೊಲೇಟ್ ಡಬ್ಬಿ ಕಂಡ ಕಣ್ಣಿಗೆ ಟೇಲರ್ ಅವರ ಕೂಗಿನ ನಡುವಿನ ಮೌನಗಳೂ ಕಾಣುತ್ತವೆ. ಅದಕ್ಕೂ ಆಚೆಗೆ ಜಾನ್ ಕಸಾವಿಟಿಸ್ ಅವರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್' (1974). ಮಾನಸಿಕವಾಗಿ ಕುಸಿಯುತ್ತಿರುವ ಗೃಹಿಣಿಯಾಗಿ ಜೀನಾ ರೋಲಂಡ್ಸ್, ಗಂಡನಾಗಿ ಪೀಟರ್ ಫಾಕ್. ಗಂಡ ರಾತ್ರಿಪಾಳಿ ಮುಗಿಸಿ ಜೊತೆಗಾರರನ್ನೆಲ್ಲ ಮನೆಗೆ ಕರೆತರುತ್ತಾನೆ, ಅವಳು ಎಲ್ಲರಿಗೂ ಸ್ಪಗೆಟ್ಟಿ ಮಾಡಿ ಬಡಿಸುತ್ತಾಳೆ. ಒಬ್ಬೊಬ್ಬರ ಹೆಸರು ಕೇಳುತ್ತಾ, ಅವರ ಮಾತಿಗೆ ಅತಿಯಾದ ಅಕ್ಕರೆಯಿಂದ ಕಿವಿಗೊಡುತ್ತಾಳೆ. ಎಷ್ಟು ಹೊತ್ತಿಗೆ ಆ ಕಿವಿಗೊಡುವಿಕೆಯೇ ಭಯ ಹುಟ್ಟಿಸಲು ಶುರುಮಾಡುತ್ತದೆ ಎಂದು ಗಡಿಯಾರ ನೋಡಿಕೊಂಡೇ ಒಮ್ಮೆ ಕುಳಿತೆ. ಆ ಕ್ಷಣ ಯಾವುದೆಂದು ನನಗೆ ಹಿಡಿಯಲಾಗಲಿಲ್ಲ. ಮೇಜಿನ ಸುತ್ತ ಕುಳಿತಿದ್ದ ಕೆಲಸಗಾರರ ಮುಖಗಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿತ್ತು.